ಆಯುಧಪೂಜೆಯ ದಿನ ಕೂರದ ಸುತ್ತಿಗೆ

ಕನ್ನಂಬಾಡಿ ಕಟ್ಟೆ ಮುಗಿದ ಮರುವರ್ಷದ ದಸರೆ. ಆಯುಧಪೂಜೆಯ ದಿನ ಹುಣಸೂರಿನಲ್ಲಿ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದವನು ಒಬ್ಬನೇ ಒಬ್ಬ. ಮಿಕ್ಕವರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನೇಗಿಲಿನಿಂದ ಹಿಡಿದು ಕತ್ತರಿಯವರೆಗೆ ಊರಿನ ಸಲಕರಣೆಯೆಲ್ಲ ಮಿಂದು, ವಿಭೂತಿ ಬಳಿಸಿಕೊಂಡು, ಚೆಂಡುಹೂವು ಮುಡಿದು ಮಣೆಯ ಮೇಲೆ ಕೂತಿತ್ತು. ಬೂದುಗುಂಬಳಕಾಯಿ ಬೀದಿ ತುಂಬ ಒಡೆದು ಕೆಂಪಾಗಿತ್ತು. ಮರುದಿನದ ಜಂಬೂಸವಾರಿ ನೋಡಲು ಗಾಡಿಗಳು ಕೊರಳ ಗೆಜ್ಜೆ ಕುಣಿಸುತ್ತ ಮೈಸೂರಿನ ಕಡೆ ಸಾಲುಗಟ್ಟಿದ್ದವು. ಇಷ್ಟೆಲ್ಲದರ ನಡುವೆ ಗಾಲಿಗೆ ಕಬ್ಬಿಣದ ಪಟ್ಟೆ ಕಟ್ಟುವ ಮತ್ತಾಯ ತನ್ನ ಕುಲುಮೆಯ ಬಾಗಿಲಲ್ಲಿ ಮೊಣಕಾಲಿಗೆ ಗಲ್ಲ ಊರಿ ಕೂತಿದ್ದ.

ಅವನ ಕುಲುಮೆ ಆರಿತ್ತು, ಗಾಳಿಯೂದುವ ತಿದಿ ಜೋತುಬಿದ್ದಿತ್ತು. ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಹೂವೂ ಇಲ್ಲ, ಕುಂಕುಮವೂ ಇಲ್ಲ. ಪೂಜೆಯೂ ಇಲ್ಲದ, ಕೆಲಸವೂ ಇಲ್ಲದ ಇಂಥ ದಿನ ಕಬ್ಬಿಣದ ಕೆಲಸದವನಿಗೆ ಯಾಕಾದರೂ ಬಂತೋ ಎಂದು ಅವನಿಗೆ ಅನ್ನಿಸುತ್ತಿತ್ತು.

ಎರಡು ವರ್ಷದ ಹಿಂದೆ ಇವನ ಹೆಸರು ಸಣ್ಣಬೀರಯ್ಯ. ಇವನ ಅಣ್ಣ ದೊಡ್ಡಬೀರಯ್ಯ. ಇವರ ಅಪ್ಪ ದಂಡಿಗೆ ಗಾಡಿ ಕಟ್ಟುತ್ತಿದ್ದ ಕಾರ್ಖಾನೆಯೊಂದರಲ್ಲಿ ಕೂಲಿಗೆ ಸೇರಿ, ಕಣ್ಣಲ್ಲೇ ಕಸುಬು ಕದ್ದು, ಮೈಸೂರು ರಸ್ತೆಯ ಬದಿಗೆ ಕುಲುಮೆ ಹಾಕಿದ್ದ. ಅಪ್ಪ ಹೋದ ಮೇಲೆ ಅಣ್ಣತಮ್ಮಂದಿರು ಎದುರುಬದುರು ನಿಂತು ಜೋಡಿ ಸುತ್ತಿಗೆ ಹೊಡೆಯುತ್ತಿದ್ದರು. ಅಣ್ಣನದು ಏಳುವಾಗ ತಮ್ಮನದು ಬೀಳುವುದು, ತಮ್ಮನದು ಏಳುವಾಗ ಅಣ್ಣನದು. ಆ ಸದ್ದು ಕೇಳಿದರೆ ರಸ್ತೆಯಲ್ಲಿ ಹೋಗುವ ಎತ್ತು ಕೂಡ ಹೆಜ್ಜೆ ಸರಿಮಾಡಿಕೊಳ್ಳುತ್ತದೆ ಎಂದು ಜನ ತಮಾಷೆ ಮಾಡುತ್ತಿದ್ದರು.

ಉಪದೇಶಿ ಶಾಂತಪ್ಪನವರು ಗಾಲಿ ಕಟ್ಟಿಸಲು ಬಂದದ್ದೇ ನೆಪ. ಗಾಲಿ ಆಗುವವರೆಗೆ ಸುಮ್ಮನೆ ಕೂರಲಾರದೆ ಯೇಸುಸ್ವಾಮಿಯ ಕಥೆ ತೆಗೆದರು. ಗಾಲಿ ಸಂಜೆಗೆ ಮುಗಿಯಿತು. ಸಣ್ಣಬೀರಯ್ಯನ ಮನಸ್ಸಿನಲ್ಲಿ ಹೊತ್ತಿಕೊಂಡದ್ದು ಮುಗಿಯಲಿಲ್ಲ. ಒಂದು ವರ್ಷ ಕೇಳಿದ, ಕೇಳಿದ, ಕೊನೆಗೆ ಹೆಂಡತಿಯನ್ನೂ ಕರೆದುಕೊಂಡು ಹೋಗಿ ದೀಕ್ಷಾಸ್ನಾನ ಮಾಡಿಸಿಕೊಂಡ. ಅವನು ಮತ್ತಾಯನಾದ, ಹೆಂಡತಿ ಮಾರಮ್ಮ ಮಾರ್ತಮ್ಮಳಾದಳು. ಅಣ್ಣ ಬೈದ, ಅತ್ತ, ಆಮೇಲೆ ಸುಮ್ಮನಾಗಿ ಮತ್ತೆ ಜೋಡಿ ಸುತ್ತಿಗೆ ಹಿಡಿದ. ಅಲ್ಲಿಗೆ ಎಲ್ಲ ನೆಟ್ಟಗಾಗುತ್ತಿತ್ತು. ಆದರೆ ಹೊಸ ಹುರುಪು ಎನ್ನುವುದು ಸುಮ್ಮನೆ ಇರಗೊಡುತ್ತದೆಯೇ?

ಹೋದ ವರ್ಷ ಇದೇ ದಿನ, ಅಣ್ಣ ಮಂಗಳಾರತಿ ತಟ್ಟೆ ಹಿಡಿದು ನಿಂತಿರುವಾಗ, ಈ ಪುಣ್ಯಾತ್ಮ ತನ್ನ ಪಾಲಿನ ಸುತ್ತಿಗೆ ಎತ್ತಿಕೊಂಡು ಬಂದು ಬರಿ ಅಡಿಗಲ್ಲಿನ ಮೇಲೆ ಠಣ್ ಠಣ್ ಎಂದು ಬಡಿಯತೊಡಗಿದ. ಕೆಲಸವಿರಲಿಲ್ಲ, ಕಬ್ಬಿಣವಿರಲಿಲ್ಲ. ನಾನೀಗ ಇದಕ್ಕೆಲ್ಲ ಕೈಮುಗಿಯುವವನಲ್ಲ ಎಂದು ಊರಿಗೆ ತೋರಿಸಬೇಕಿತ್ತು, ಅಷ್ಟೆ. ಸಂಜೆಯವರೆಗೂ ಬಡಿದ. ಮಾರನೆಯ ದಿನ ದೊಡ್ಡಬೀರಯ್ಯ ತನ್ನ ಸಾಮಾನು ಎತ್ತಿಕೊಂಡು ರಸ್ತೆಯ ಆಚೆ ಬದಿಗೆ ಬೇರೆ ಕುಲುಮೆ ಹಾಕಿದ. ಅಂದಿನಿಂದ ಎರಡು ಕಡೆಯೂ ಒಂಟಿ ಸುತ್ತಿಗೆ. ಅಣ್ಣ ತಮ್ಮನ ಕಡೆ ಮುಖ ಎತ್ತಿ ನೋಡಿರಲಿಲ್ಲ.

ಈ ವರ್ಷ ಮತ್ತಾಯ ಬೆಳಗ್ಗೆಯಿಂದ ಒಂದು ಕಿಡಿಯನ್ನೂ ಹಾರಿಸಿರಲಿಲ್ಲ. ಅದೂ ಅಲ್ಲದೆ ಅವನಿಗೆ ಕುಲುಮೆಯಲ್ಲಿ ಇವತ್ತೇ ಕೊನೆಯ ದಿನ. ಹೊಸದಾಗಿ ಕಟ್ಟುತ್ತಿದ್ದ ಕೃಷ್ಣರಾಜನಗರದಲ್ಲಿ ಕಬ್ಬಿಣದ ವ್ಯಾಪಾರ ಮಾಡುವ ಬಸವರಾಜು ನಾಳೆ ಬಂದು ಅಡಿಗಲ್ಲು, ತಿದಿ, ಸುತ್ತಿಗೆ ಎಲ್ಲವನ್ನೂ ಹೇರಿಕೊಂಡು ಹೋಗುವುದೆಂದು ಮಾತಾಗಿತ್ತು. ಮತ್ತಾಯ ಪ್ರಾರ್ಥನಾಮಂದಿರದ ಕಾವಲಿಗೆ ಸೇರುವವನಿದ್ದ. ಗುಡಿಸುವುದು, ದೀಪ ಹಚ್ಚುವುದು, ಭಾನುವಾರ ಗಂಟೆ ಬಾರಿಸುವುದು. ಸುವಾರ್ತೆಯ ಮತ್ತಾಯ ಸುಂಕದ ಕಟ್ಟೆಯಿಂದ ಎದ್ದು ಸ್ವಾಮಿಯ ಹಿಂದೆ ನಡೆದುಬಿಟ್ಟನಲ್ಲ, ಅದೇ ಹೆಸರಿಟ್ಟುಕೊಂಡು ನಾನಿನ್ನೂ ಅಡಿಗಲ್ಲಿಗೆ ಅಂಟಿಕೊಂಡಿದ್ದರೆ ಹೇಗೆ ಎನ್ನುವುದು ಇವನ ತರ್ಕ. ದೇವರ ಕೆಲಸ ಬೇರೆ, ಹೊಟ್ಟೆಯ ಕೆಲಸ ಬೇರೆ ಎಂದು ಇವನು ಗೆರೆ ಎಳೆದುಕೊಂಡುಬಿಟ್ಟಿದ್ದ. ಪ್ರಾರ್ಥನೆ ಮಾಡಬೇಕಾದರೆ ಸುತ್ತಿಗೆ ಕೆಳಗಿಟ್ಟು, ಮಸಿ ಹೋಗುವಂತೆ ಕೈ ಉಜ್ಜಿ ತೊಳೆದು, ಕುಲುಮೆಯ ಬಾಗಿಲು ಎಳೆದುಕೊಂಡು ಹೊರಗೆ ಬಂದೇ ಕಣ್ಣು ಮುಚ್ಚುತ್ತಿದ್ದ. ದೇವರಿಗೆಲ್ಲಿ ಹೊಗೆ ತಾಗೀತೋ ಎಂಬಂತೆ!

ಮಧ್ಯಾಹ್ನ ಉಪದೇಶಿಗಳು ಮಂದಿರದ ಬೀಗದ ಕೈ ಹಿಡಿದುಕೊಂಡು ಬಂದರು. ದುಂಡನೆಯ ಮೈ, ನಗುಮುಖ, ಬಿಸಿಲಿಗೆ ತಲೆಯ ಮೇಲೆ ಒದ್ದೆ ವಸ್ತ್ರ.

"ತಗೊಳ್ಳಪ್ಪ ಮತ್ತಾಯ, ನಾಳೆಯಿಂದ ಇದು ನಿನ್ನ ಜವಾಬ್ದಾರಿ" ಎಂದು ಕೈ ಮುಂದೆ ಚಾಚಿದರು.

ಮತ್ತಾಯ ಎದ್ದು ನಿಂತ. ಎರಡು ತಿಂಗಳಿಂದ ಕಾದಿದ್ದ ಗಳಿಗೆ. ಕೈ ಚಾಚಬೇಕು, ಚಾಚಲಾಗಲಿಲ್ಲ. ಕಣ್ಣು ತಾನಾಗಿ ಮೂಲೆಯಲ್ಲಿದ್ದ ಅಪ್ಪನ ಸುತ್ತಿಗೆಯ ಕಡೆ ಹೋಯಿತು. ಆ ಸುತ್ತಿಗೆ ಬಸವರಾಜುವಿನ ಗಾಡಿಯಲ್ಲಿ ಹಳೆ ಕಬ್ಬಿಣದ ಜೊತೆ ಉರುಳಾಡುವುದು ಅವನ ಕಣ್ಣಿಗೆ ಕಟ್ಟಿತು.

ಮಾರ್ತಮ್ಮ ಒಳಗಿನಿಂದ ಮಜ್ಜಿಗೆ ತಂದಳು. ಅವಳಿಗೆ ಈ ಏರ್ಪಾಡು ಮೊದಲಿಂದಲೂ ಹಿಡಿಸಿರಲಿಲ್ಲ.

"ಗುಡಿಸಕ್ಕೆ, ದೀಪ ಅಚ್ಚಕ್ಕೆ ನಾನಿಲ್ವಾ ಅಯ್ಯನೋರೇ? ಇವನ ಕೈಗೆ ಪೊರಕೆ ಕೊಟ್ರೆ ನೆಲ ಕಿತ್ತು ಬತ್ತದೆ ಕಣ್ರೀ" ಎಂದಳು.

"ನೀನು ಸುಮ್ಕಿರು" ಎಂದ ಮತ್ತಾಯ. ಆದರೆ ಆ ಮಾತಿನಲ್ಲಿ ಕಸುವಿರಲಿಲ್ಲ.

ಅಷ್ಟರಲ್ಲಿ ರಸ್ತೆಯಲ್ಲಿ ಗಲಾಟೆ ಎದ್ದಿತು. ಪಿರಿಯಾಪಟ್ಟಣದ ಕಡೆಯಿಂದ ಬಂದ ದೊಡ್ಡ ಗಾಡಿಯೊಂದು ಒಂದು ಮಗ್ಗುಲಿಗೆ ವಾಲಿ ನಿಂತಿತ್ತು. ಗಾಡಿ ತುಂಬ ಡೊಳ್ಳುಗಳು, ಗಾಡಿಯ ಸುತ್ತ ಬಣ್ಣದ ರುಮಾಲು ಸುತ್ತಿದ ಗಂಡಸರು. ಎಡಗಾಲಿಯ ಕಬ್ಬಿಣದ ಪಟ್ಟೆ ಸಡಿಲವಾಗಿ ಕಳಚಿಬಿದ್ದು, ಮರದ ಬಳೆಯ ಸಂದುಗಳು ಬಾಯಿ ಬಿಟ್ಟಿದ್ದವು. ಗುಂಪಿನ ಯಜಮಾನ ನಂಜುಂಡಸ್ವಾಮಿ ಕೈ ಕೈ ಹಿಸುಕಿಕೊಳ್ಳುತ್ತ ಸಿಕ್ಕವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಅವನ ಊರಿಗೆ ಜಂಬೂಸವಾರಿಯ ಮುಂದೆ ಡೊಳ್ಳು ಬಾರಿಸುವ ಕರೆ ಬಂದದ್ದು ಇದೇ ಮೊದಲು. ಸಂಜೆಯೊಳಗೆ ಹೊರಟು ರಾತ್ರಿಯೆಲ್ಲ ನಡೆದರೆ ಬೆಳಗಾಗುವ ಹೊತ್ತಿಗೆ ಮೈಸೂರು. ಹೊರಡದಿದ್ದರೆ ಊರಿನ ಮಾನ ಹುಣಸೂರಿನ ಧೂಳಿನಲ್ಲೇ ಮಣ್ಣಾಗುತ್ತಿತ್ತು. ಬಾಡಿಗೆಗೆ ಬೇರೆ ಗಾಡಿ ಹುಡುಕಿದರೆ ಎಲ್ಲವೂ ಆಗಲೇ ಜನ ತುಂಬಿಕೊಂಡು ಹೊರಟಿದ್ದವು.

ಅವನು ಮೊದಲು ಹೋದದ್ದು ದೊಡ್ಡಬೀರಯ್ಯನ ಬಳಿಗೆ. ದೊಡ್ಡಬೀರಯ್ಯನ ಸುತ್ತಿಗೆ, ಇಕ್ಕಳ, ಎಲ್ಲ ಹಾರ ಹಾಕಿಸಿಕೊಂಡು ಪೂಜೆಗೆ ಕೂತಿದ್ದವು. ಕೂತ ಆಯುಧವನ್ನು ವಿಜಯದಶಮಿಯ ಬೆಳಗಿನವರೆಗೆ ಎಬ್ಬಿಸುವ ಹಾಗಿಲ್ಲ. ಊರಿನ ಯಾವ ಕುಲುಮೆಗೆ ಹೋದರೂ ಅದೇ ಉತ್ತರ. ಒಂದು ಕುಲುಮೆಯ ಹೊರತು.

ದೊಡ್ಡಬೀರಯ್ಯ ನಂಜುಂಡಸ್ವಾಮಿಯನ್ನು ಕರೆದುಕೊಂಡು ರಸ್ತೆಯ ನಡುಮಧ್ಯದವರೆಗೆ ಬಂದ. ಅಲ್ಲಿಂದ ಮುಂದಕ್ಕೆ ಹೆಜ್ಜೆ ಇಡಲಿಲ್ಲ. ತಮ್ಮನನ್ನು ನೋಡದೆ ಉಪದೇಶಿಗಳನ್ನು ನೋಡಿ ಗಟ್ಟಿಯಾಗಿ ಹೇಳಿದ: "ಅಯ್ಯನೋರೇ, ನಿಮ್ಮ ಮತ್ತಾಯಂಗೆ ಏಳಿ. ಇವರ ಗಾಲಿ ಕಟ್ಟಿಕೊಡ್ಬೇಕಂತೆ. ಇವತ್ತಿನ ದಿನ ಸುತ್ತಿಗೆ ಬಡಿಯೋದು ಅವನಿಗೆ ಅಭ್ಯಾಸ ತಾನೆ!"

ಮಾತು ಮೊನಚಾಗಿಯೇ ಇತ್ತು. ಮತ್ತಾಯನ ಮುಖಕ್ಕೆ ರಕ್ತ ನುಗ್ಗಿತು.

"ಅಯ್ಯನೋರೇ, ನಮ್ಮಣ್ಣಂಗೆ ಏಳಿ. ನಾನು ಬೆಳಗ್ಗೆಯಿಂದ ಬೆಂಕಿ ಹಾಕ್ದೆ ಕೂತಿರೋದು ಯಾವ ಪೂಜೆಗೂ ಅಲ್ಲ, ಯಾವ ಸೋಮಾರಿತನಕ್ಕೂ ಅಲ್ಲ. ಓದ ವರ್ಷ ನಾನು ಮಾಡಿದ್ದು ತಪ್ಪು ಅಂತ ಕೂತಿವ್ನಿ. ಅವನ ಪೂಜೆ ಹೊತ್ತಲ್ಲಿ ಇನ್ನೊಂದ್ ಸಲ ನನ್ನ ಸುತ್ತಿಗೆ ಸದ್ದು ಮಾಡಬಾರ್ದು ಅಂತ ಕೂತಿವ್ನಿ."

ರಸ್ತೆಯ ನಡುವೆ ನಿಂತವನು ಈಗ ತಮ್ಮನ ಕಡೆ ನೋಡಿದ. ಒಂದು ವರ್ಷದ ಮೇಲೆ ಮೊದಲ ಸಲ ನೋಡಿದ. ಒಂದು ಹೆಜ್ಜೆ ಮುಂದಿಟ್ಟ.

"ಮಂಗಳಾರತಿ ಮುಗೀತು ಕಣ್ಲಾ" ಎಂದ. "ಈಗ ಒಡೀಬೋದು."

ಮತ್ತಾಯನಿಗೆ ಅಳು ಬರುವಂತಾಯಿತು. ಆದರೂ ಒಳಗೊಂದು ಮುಳ್ಳು ಉಳಿದಿತ್ತು. ನಾಳೆ ದೇವರ ಕೆಲಸಕ್ಕೆ ಸೇರುವವನು ಇವತ್ತು ಡೊಳ್ಳಿನ ಗಾಡಿಗೆ ಪಟ್ಟೆ ಕಟ್ಟುತ್ತ ಕೂತರೆ? ಉಪದೇಶಿಗಳ ಮುಖ ನೋಡಿದ. ಅವರು ಬೀಗದ ಕೈಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ಆ ಹೊತ್ತಿಗೆ ಮಾರ್ತಮ್ಮ ಮಂಕರಿ ತುಂಬ ಬೆರಣಿ ತಂದು ಧೊಪ್ಪನೆ ಅಂಗಳಕ್ಕೆ ಸುರಿದಳು.

"ಏನು ಮುಖ ಮುಖ ನೋಡ್ಕೋತೀರಿ? ನೀನೇ ಏಳಿರ್ಲಿಲ್ವಾ ಕಣಯ್ಯ, ಸತ್ತು ಎದ್ದು ಬಂದ ಮ್ಯಾಲೂ ಸ್ವಾಮಿ ನೀರಿನ ದಡದಾಗೆ ಕೆಂಡ ಮಾಡಿ ಮೀನು ಸುಟ್ಟು, ರಾತ್ರಿಯೆಲ್ಲ ಬಲೆ ಎಳೆದು ದಣಿದೋರ್ನ ಉಣ್ಣಕ್ಕೆ ಕರೆದ ಅಂತ? ಅವನೇ ಕೆಂಡ ಮಾಡ್ಬೋದು, ನೀನು ಮಾಡಬಾರ್ದಾ? ಇವರೂ ದಣಿದವ್ರೆ. ಒತ್ತು ಓಯ್ತಾ ಅದೆ, ಏಳು!"

ಉಪದೇಶಿಗಳು ಬೀಗದ ಕೈಯನ್ನು ಜೇಬಿಗೆ ಇಳಿಬಿಟ್ಟರು. ತಲೆಯ ಮೇಲಿನ ವಸ್ತ್ರ ತೆಗೆದು ನಡುವಿಗೆ ಬಿಗಿದರು. "ನಾನೇನು ಮಾಡಲಿ, ಅದನ್ನು ಹೇಳಪ್ಪ" ಎಂದರು.

"ತಿದಿ ಒತ್ತಿ ಅಯ್ಯನೋರೇ!" ಎಂದು ಕೂಗುತ್ತ ಮತ್ತಾಯ ಆಗಲೇ ಒಳಕ್ಕೆ ಓಡಿದ್ದ.

ಆಮೇಲೆ ನಡೆದದ್ದನ್ನು ಹುಣಸೂರಿನವರು ದಸರೆಗಿಂತ ಹೆಚ್ಚಾಗಿ ಹೇಳಿಕೊಂಡರು. ಕುಲುಮೆ ಹೊತ್ತಿತು. ಪಟ್ಟೆಯನ್ನು ಕತ್ತರಿಸಿ, ಬಿಗಿಯಾಗುವಷ್ಟು ಕಿರಿದು ಮಾಡಿ, ಎರಡು ತುದಿಯನ್ನೂ ಬೆಳ್ಳಗೆ ಕಾಯಿಸಿ ಮತ್ತೆ ಬೆಸೆಯಬೇಕಿತ್ತು. ಬೆಸುಗೆಗೆ ಒಂಟಿ ಸುತ್ತಿಗೆ ಸಾಲದು. ಒಬ್ಬ ಕೈ ಎತ್ತುವಷ್ಟರಲ್ಲಿ ಕಬ್ಬಿಣ ಆರುತ್ತದೆ. ಮತ್ತಾಯ ಇಕ್ಕಳದಲ್ಲಿ ಹಿಡಿದು ತಲೆ ಎತ್ತಿದ. ಎದುರಿಗೆ ಅಣ್ಣ ಅಂಗಿ ಬಿಚ್ಚಿ ನಿಂತಿದ್ದ.

"ಅಣ್ಣ, ನಿನ್ನ ಪೂಜೆ?"

"ಕೂತಿರೋದು ನನ್ನ ಸುತ್ತಿಗೆ ಕಣ್ಲಾ, ನಾನಲ್ಲ. ನಿನ್ನ ಸುತ್ತಿಗೆ ಕೂತಿಲ್ವಲ್ಲ, ಅಪ್ಪಂದು ಇತ್ಲಾಗೆ ಕೊಡು!"

ಊರಿಗೆ ಊರೇ ನಕ್ಕಿತು. ಮತ್ತಾಯ ಅಪ್ಪನ ಸುತ್ತಿಗೆಯನ್ನು ಅಣ್ಣನ ಕೈಗೆ ಕೊಟ್ಟು, ತಾನು ಇನ್ನೊಂದು ಹಿಡಿದ. ಹೊಡೆತ ಶುರುವಾಯಿತು. ಆದರೆ ಒಂದು ವರ್ಷದ ಮೌನ ಕೈಯಲ್ಲೂ ಸೇರಿಕೊಂಡಿತ್ತು. ಅಣ್ಣನದು ಬೀಳುವಾಗಲೇ ತಮ್ಮನದೂ ಬಿದ್ದು ಸುತ್ತಿಗೆಗೆ ಸುತ್ತಿಗೆ ತಾಗಿತು. ಮತ್ತೊಮ್ಮೆ ತಾಗಿತು. ಬೆಳ್ಳಗೆ ಕಾದಿದ್ದ ಕಬ್ಬಿಣ ಆರಿ ಕೆಂಪಾಗುತ್ತ ಬಂತು. ಇಬ್ಬರಿಗೂ ಗಾಬರಿ.

ಇದನ್ನು ಕಂಡವನು ನಂಜುಂಡಸ್ವಾಮಿ. ಅವನು ಗಾಡಿಗೆ ಹಾರಿ ಒಂದು ಡೊಳ್ಳನ್ನು ಕೊರಳಿಗೆ ಹಾಕಿಕೊಂಡು ಬಂದ. "ಇನ್ನೊಂದ್ ಸಲ ಕಾಯ್ಸಿ ಯಜಮಾನ್ರೆ. ನಾನು ಏಳಿದಂಗೆ ಒಡೀರಿ!" ಎಂದು ಢಂ ಎಂದು ಒಂದು ಪೆಟ್ಟು ಬಿಟ್ಟ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಉಪದೇಶಿಗಳು ತಿದಿಯನ್ನು ಅದೇ ತಾಳಕ್ಕೆ ಒತ್ತತೊಡಗಿದರು. ಅವರ ಮುಖ ಕೆಂಡಕ್ಕಿಂತ ಕೆಂಪಗಾಗಿತ್ತು. ಬೆಳ್ಳಗೆ ಕಾದ ತುದಿಗಳು ಅಡಿಗಲ್ಲಿನ ಮೇಲೆ ಬಂದವು. ಢಂ ಎಂದರೆ ಅಣ್ಣ, ಢಂ ಎಂದರೆ ತಮ್ಮ. ಕಿಡಿ ಹಾರಿತು, ಬೆವರು ಹಾರಿತು, ಎರಡು ಸುತ್ತಿಗೆಗಳು ಹಳೆಯ ದಾರಿ ಹಿಡಿದುಬಿಟ್ಟವು. ಯಾವಾಗ ಡೊಳ್ಳು ನಿಂತಿತೋ ಅಣ್ಣತಮ್ಮಂದಿರಿಗೆ ಗೊತ್ತೇ ಆಗಲಿಲ್ಲ. ಬೆಸುಗೆ ಕೂಡಿತು.

ಅಂಗಳದಲ್ಲಿ ಪಟ್ಟೆಯನ್ನು ಮಲಗಿಸಿ ಅದರ ಸುತ್ತ ಬೆರಣಿ ಜೋಡಿಸಿ ಬೆಂಕಿಯಿಟ್ಟರು. ಬಾವಿಯಿಂದ ಅಂಗಳದವರೆಗೆ ಹೆಂಗಸರು ಕೊಡ ಹಿಡಿದು ಸಾಲು ನಿಂತರು. ಮಾರ್ತಮ್ಮನ ಪಕ್ಕದಲ್ಲಿ ವರ್ಷದಿಂದ ಮಾತು ಬಿಟ್ಟಿದ್ದ ಅವಳ ಓರಗಿತ್ತಿ, ದೊಡ್ಡಬೀರಯ್ಯನ ಹೆಂಡತಿ ಚಿಕ್ಕಬೀರಮ್ಮ ಬಂದು ನಿಂತಳು. ಮಾತಾಡಲು ಪುರುಸೊತ್ತೆಲ್ಲಿ? ಕೊಡ ಈ ಕೈಯಿಂದ ಆ ಕೈಗೆ ದಾಟಿತು, ಅಷ್ಟೆ ಸಾಕಾಯಿತು.

ಪಟ್ಟೆ ನಿಗಿನಿಗಿ ಕೆಂಪಾಯಿತು. ಇಕ್ಕಳ ಹಿಡಿಯಲು ನಾಲ್ಕು ಜನ ಬೇಕು. ಅಣ್ಣ, ತಮ್ಮ, ನಂಜುಂಡಸ್ವಾಮಿ, ನಾಲ್ಕನೆಯವರು ಉಪದೇಶಿ ಶಾಂತಪ್ಪನವರು. "ಎತ್ತಿ!" ಎಂದ ಮತ್ತಾಯ. ಉರಿಯುವ ಪಟ್ಟೆ ನೆಲ ಬಿಟ್ಟು ಮೇಲೆದ್ದಿತು, ಹೆಜ್ಜೆ ಹೆಜ್ಜೆಗೂ ಓಲಾಡುತ್ತ ಬಂದು, ಗಾಡಿಯಿಂದ ಬಿಚ್ಚಿ ಮಲಗಿಸಿದ್ದ ಗಾಲಿಯ ಮೇಲೆ ಇಳಿಯಿತು. ಮೂರು ಕಡೆ ಕೂತಿತು. ನಾಲ್ಕನೆಯ ಕಡೆ, ಮರದ ಸಂದು ಬಾಯಿಬಿಟ್ಟಿದ್ದ ಜಾಗದಲ್ಲಿ, ಕಚ್ಚಿಕೊಂಡು ಮೇಲೆಯೇ ನಿಂತಿತು.

ಮರ ಧಗ್ಗೆಂದು ಹತ್ತಿಕೊಂಡಿತು. ನೀರು ಹಾಕಿದರೆ ಪಟ್ಟೆ ಓರೆಯಾಗಿಯೇ ಬಿಗಿದುಕೊಳ್ಳುತ್ತದೆ. ಹಾಕದಿದ್ದರೆ ಗಾಲಿಯೇ ಇದ್ದಿಲಾಗುತ್ತದೆ. "ನೀರು, ನೀರು!" ಎಂದು ಯಾರೋ ಕಿರುಚಿದರು. "ಬ್ಯಾಡ! ಇರಿ!" ಎಂದು ಮತ್ತಾಯ ಅಬ್ಬರಿಸಿದ. ಇಕ್ಕಳ ಬಿಸಾಡಿ, ಅಪ್ಪನ ಸುತ್ತಿಗೆ ಎತ್ತಿಕೊಂಡು, ಉರಿಯ ಮೇಲೆ ಬಾಗಿ ನಿಂತ. ಹುಬ್ಬು ಸುಟ್ಟ ವಾಸನೆ ಅವನಿಗೇ ಬಂತು.

"ಸ್ವಾಮೀ, ಕೂರ್ಸು!" ಎಂದು ಕೂಗಿ ಹೊಡೆದ.

ಒಂದೇ ಏಟು. ಪಟ್ಟೆ ಕೂತಿತು.

"ಈಗ! ಉಯ್ಯಿರಿ!" ಕೊಡದ ಮೇಲೆ ಕೊಡ ಬಿತ್ತು. ಹೊಗೆಯೂ ಹಬೆಯೂ ಎದ್ದು ಯಾರಿಗೆ ಯಾರೂ ಕಾಣದಾದರು. ಆ ಹಬೆಯೊಳಗಿನಿಂದ ಕಟಕಟ ಎಂದು ಸದ್ದು ಬಂತು. ಕಬ್ಬಿಣ ಆರುತ್ತ ಬಿಗಿದು, ಬಾಯಿಬಿಟ್ಟ ಸಂದುಗಳೆಲ್ಲ ಒಂದೊಂದಾಗಿ ಮುಚ್ಚಿಕೊಳ್ಳುವ ಸದ್ದು. ಗಾಲಿ ಕಟ್ಟುವವನಿಗೆ ಅದಕ್ಕಿಂತ ಇಂಪಾದ ಸಂಗೀತ ಲೋಕದಲ್ಲಿ ಇಲ್ಲ.

ಹಬೆ ತಿಳಿಯಾದಾಗ ಡೊಳ್ಳಿನವರು ಕೇಕೆ ಹಾಕಿ ಕುಣಿಯುತ್ತಿದ್ದರು. ಮತ್ತಾಯ ಮಾತ್ರ ಸುತ್ತಿಗೆ ಹಿಡಿದು ಬೆಪ್ಪನ ಹಾಗೆ ನಿಂತಿದ್ದ. ಅವನಿಗೆ ಆಗ ಹೊಳೆದಿತ್ತು. ತಾನು ಈಗಷ್ಟೇ ಪ್ರಾರ್ಥನೆ ಮಾಡಿದ್ದ! ಕೈ ತೊಳೆದಿರಲಿಲ್ಲ, ಹೊರಗೆ ಬಂದಿರಲಿಲ್ಲ, ಕಣ್ಣು ಮುಚ್ಚುವುದಿರಲಿ ಮಿಟುಕಿಸಿರಲೂ ಇಲ್ಲ. ಹೋದ ವರ್ಷ ಇದೇ ದಿನ ದೇವರಿಗಾಗಿ ಎಂದು ದಿನವಿಡೀ ಬರಿ ಅಡಿಗಲ್ಲು ಬಡಿದಾಗ ಎದೆಯೊಳಗೆ ಏನೂ ಆಗಿರಲಿಲ್ಲ, ತೋಳು ನೋವು ಬಂದಿತ್ತು ಅಷ್ಟೆ. ಇವತ್ತು ಯಾರೋ ದಾರಿಹೋಕರ ಗಾಲಿಗಾಗಿ ಹೊಡೆದ ಒಂದು ಏಟಿನಲ್ಲಿ ಸ್ವಾಮಿ ತನ್ನ ಮೊಣಕೈ ಹಿಡಿದುಕೊಂಡೇ ನಿಂತಿದ್ದ ಹಾಗೆ ಅವನಿಗೆ ಅನ್ನಿಸಿತು. ಮೈಯೆಲ್ಲ ಜುಂ ಎಂದಿತು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದ.

ಗಾಡಿ ಸಂಜೆಬಿಸಿಲು ಇರುವಾಗಲೇ ಹೊರಟಿತು. ನಂಜುಂಡಸ್ವಾಮಿ ಕೈಮುಗಿದು, "ನಾಳೆ ಆನೆ ಮುಂದೆ ಮೊದಲನೇ ಪೆಟ್ಟು ನಿಮ್ಮ ಎಸರಲ್ಲೇ ಬಾರಿಸ್ತೀವಿ ಕಣ್ರಪ್ಪ" ಎಂದ. ಗಾಲಿ ಸದ್ದಿಲ್ಲದೆ ಉರುಳಿತು.

ದೊಡ್ಡಬೀರಯ್ಯ ಅಪ್ಪನ ಸುತ್ತಿಗೆಯನ್ನು ತಮ್ಮನ ಕೈಯಿಂದ ತೆಗೆದುಕೊಂಡು, ರೂಢಿಯಂತೆ ಕಣ್ಣಿಗೆ ಒತ್ತಿಕೊಳ್ಳಹೋಗಿ ನಡುವೆ ತಡೆದ.

"ನಿನಗೆ ಆಗಲ್ವೇನೋ" ಎಂದ.

"ನೀನು ಒತ್ಕೋ ಅಣ್ಣ. ನಾನು ನನ್ನ ತರಾನೇ ನೆನೀತೀನಿ."

ಅಣ್ಣ ಕಣ್ಣಿಗೆ ಒತ್ತಿಕೊಂಡು ಸುತ್ತಿಗೆಯನ್ನು ಹಿಂದಕ್ಕೆ ಕೊಟ್ಟ. "ನಾಳೆ ಆ ಬಸವರಾಜು ಬತ್ತಾನಂತಲ್ಲ?"

"ಬರ್ಲಿ ಬುಡು. ಮಜ್ಜಿಗೆ ಕುಡ್ಸಿ ಕಳಿಸ್ತೀನಿ."

ಉಪದೇಶಿಗಳು ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಅಂಗೈಯ ಬೊಕ್ಕೆಗಳಿಗೆ ಮಾರ್ತಮ್ಮ ಕೊಟ್ಟ ಬೆಣ್ಣೆ ಸವರಿಕೊಳ್ಳುತ್ತಿದ್ದರು. ಬೀಗದ ಕೈಯ ನೆನಪಾಗಿ ಜೇಬು ತಡವಿದರು.

"ಅಲ್ಲಪ್ಪ ಮತ್ತಾಯ, ಬಸವರಾಜುವನ್ನು ಕಳಿಸಿಬಿಟ್ಟರೆ, ದೇವರ ಕೆಲಸಕ್ಕೆ ಯಾವತ್ತು ಬರುತ್ತೀಯ?"

"ಬಂದಿವ್ನಲ್ಲ ಅಯ್ಯನೋರೇ" ಎಂದ ಮತ್ತಾಯ.

ಉಪದೇಶಿಗಳು ಅವನ ಸುಟ್ಟ ಹುಬ್ಬನ್ನು ನೋಡಿದರು, ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ಬೀಗದ ಕೈಯನ್ನು ಮಾರ್ತಮ್ಮನ ಕಡೆ ಚಾಚಿದರು. ಅವಳು ಬೇಡವೆನ್ನಲಿಲ್ಲ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಬನ್ನಿ, ಹೋಗುವ ಮುಂಚೆ ಒಂದು ಪ್ರಾರ್ಥನೆ ಮಾಡೋಣ" ಎಂದು ಉಪದೇಶಿಗಳು ಎದ್ದರು. "ಕೈ ತೊಳೆದುಕೊಂಡು ಬಾಪ್ಪ, ಹೊರಗೆ ನಿಲ್ಲೋಣ."

ಮತ್ತಾಯ ರೂಢಿಯಂತೆ ನೀರಿನ ಬಾನಿಯ ಕಡೆ ಹೊರಟವನು ನಿಂತ.

"ಒಳಗೇ ಬನ್ನಿ ಅಯ್ಯನೋರೇ" ಎಂದ.

ಅವರು ಒಳಗೆ ಬಂದರು. ದೊಡ್ಡಬೀರಯ್ಯನೂ ಬಾಗಿಲವರೆಗೆ ಬಂದು ಚೌಕಟ್ಟಿಗೆ ಒರಗಿ ನಿಂತ. ಕುಲುಮೆಯಲ್ಲಿ ಕೆಂಡ ಇನ್ನೂ ಇತ್ತು. ಮತ್ತಾಯ ಅಡಿಗಲ್ಲಿನ ಪಕ್ಕದಲ್ಲಿ, ಮಸಿ ಮೆತ್ತಿದ ಎರಡೂ ಕೈಯಿಂದ ಅಪ್ಪನ ಸುತ್ತಿಗೆ ಹಿಡಿದುಕೊಂಡೇ ಕಣ್ಣು ಮುಚ್ಚಿದ.